ಫೈನಲ್-9 ಎಂಬ ಫೋಲ್ಡರ್ ಮತ್ತು ಒಂದು ದಿನದ ಕೂಲಿ ಲೆಕ್ಕ

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಅಡಿಕೆ ತೋಟ. ಬಿಡುವಿನಲ್ಲಿ ಪೈಥಾನ್ ಕಲಿತು, ಅಡಿಕೆ ಸುಲಿಯುವವರ ಕೂಲಿ ಲೆಕ್ಕ ಇಡುವ ಸಣ್ಣ ತಂತ್ರಾಂಶವೊಂದನ್ನು ಬರೆದುಕೊಂಡಿದ್ದೇನೆ. ಈಗ ಊರಿನ ಹದಿನೆಂಟು ಮನೆಗಳ ಲೆಕ್ಕವೂ ಅದರಲ್ಲೇ ನಡೆಯುತ್ತದೆ. ಬರೆಯುವವನೂ ತಿದ್ದುವವನೂ ನಾನೊಬ್ಬನೇ. ವಿಂಡೋಸ್ ಲ್ಯಾಪ್‌ಟಾಪ್, ಎಸ್‌ಕ್ಯೂಲೈಟ್ ಡೇಟಾಬೇಸ್. ವೇಗ ಹೆಚ್ಚುತ್ತದೆ ಎಂದು ಓದಿ ಅದರ ‘ವಾಲ್’ ವಿಧಾನವನ್ನು ಚಾಲೂ ಮಾಡಿದ್ದೇನೆ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ‘ಗಿಟ್’ ಎಂಬ ಸಾಧನವನ್ನು ಕಲಿಯಲು ಎರಡು ಸಲ ಹೊರಟು ಕೈಬಿಟ್ಟೆ. ದೊಡ್ಡ ಬದಲಾವಣೆಗೆ ಮುಂಚೆ ಇಡೀ ಫೋಲ್ಡರನ್ನು ನಕಲು ಮಾಡಿ ‘ಫೈನಲ್’, ‘ಫೈನಲ್-2’ ಎಂದು ಹೆಸರಿಡುತ್ತೇನೆ. ಸಂಜೆ ಡೇಟಾಬೇಸ್ ಕಡತವೊಂದನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಕಳೆದ ಸುಗ್ಗಿಯಲ್ಲಿ ದರ ಬದಲಿಸುವ ಹೊಸ ಕೋಡ್ ಎಲ್ಲ ಸಾಲುಗಳ ತೂಕವನ್ನೂ ಸೊನ್ನೆ ಮಾಡಿತು. ಪೆನ್‌ಡ್ರೈವಿನ ನಕಲನ್ನು ತಂದು ಹಾಕಿದರೆ, ಹಿಂದಿನ ದಿನದ ಒಂದು ತೂಕವೂ ಅದರಲ್ಲಿ ಇರಲಿಲ್ಲ. ನಕಲು ಮಾಡುವಾಗ ಪ್ರೋಗ್ರಾಂ ತೆರೆದೇ ಇತ್ತು. ಆ ದಿನ ಮಧ್ಯಾಹ್ನ ಮಾಡಿದ್ದ ‘ಫೈನಲ್-9’ ಫೋಲ್ಡರ್ ಇದೆ, ಆದರೆ ಅದರಲ್ಲಿರುವ ಡೇಟಾಬೇಸ್ ಕಡತದ ದಿನಾಂಕವೂ ಅದರ ಮುಂಚಿನ ದಿನದ್ದೇ. ಹಾಗಾಗಿ ತೆರೆದು ನೋಡಲಿಲ್ಲ. ಸುಲಿದವರು ಬಾಯಲ್ಲಿ ಹೇಳಿದ ತೂಕವನ್ನೇ ಬರೆದುಕೊಂಡು ಕೂಲಿ ಕೊಟ್ಟೆ. ಬೆಂಗಳೂರಿನ ಗೆಳೆಯರು ನನ್ನ ಫೋಲ್ಡರ್ ಪದ್ಧತಿ ಕೇಳಿ ನಗುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಂಟರ್ನೆಟ್ಟೂ ನೆಚ್ಚುವಂತಿಲ್ಲ. ನನ್ನಂಥವನಿಗೆ ಸರಳವಾದ ದಾರಿ ಯಾವುದು? ಹಳೆಯ ‘ಫೈನಲ್’ಗಳನ್ನು ಏನು ಮಾಡಲಿ?

ಉತ್ತರ: ನಗುವ ಗೆಳೆಯರ ವಿಚಾರಕ್ಕೆ ಆಮೇಲೆ ಬರೋಣ. ಫೈನಲ್-9 ಅನ್ನು ಅಳಿಸಿಲ್ಲ ತಾನೆ? ಅಳಿಸಬೇಡಿ, ನಿಮ್ಮ ಪ್ರೋಗ್ರಾಂನಿಂದ ತೆರೆಯಲೂ ಬೇಡಿ. ಕಳೆದುಹೋಯಿತೆಂದು ನೀವು ಕೈತೊಳೆದುಕೊಂಡ ತೂಕಗಳಲ್ಲಿ ಅರ್ಧದಷ್ಟು ಅದರೊಳಗೇ ಇರುವ ಸಾಧ್ಯತೆ ಬಹಳ ಇದೆ.

ಆ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆಗೆ ನಕಲು ಮಾಡಿಕೊಂಡು, ನಕಲಿನಲ್ಲಿ ಮಾತ್ರ ಕೈಯಾಡಿಸಿ. ಡೇಟಾಬೇಸ್ ಕಡತದ ಪಕ್ಕದಲ್ಲಿ ಅದೇ ಹೆಸರಿನ ಇನ್ನೆರಡು ಕಡತಗಳು ಕಾಣಬೇಕು: ಒಂದರ ಹೆಸರಿನ ಬಾಲದಲ್ಲಿ ‘ವಾಲ್’ ಎಂದಿರುತ್ತದೆ, ಇನ್ನೊಂದರಲ್ಲಿ ‘ಎಸ್‌ಎಚ್‌ಎಂ’. ವಾಲ್ ಕಡತದ ಗಾತ್ರ ಸೊನ್ನೆಗಿಂತ ಹೆಚ್ಚಿದ್ದರೆ ಒಳ್ಳೆಯ ಸುದ್ದಿ. ಮೂರೂ ಒಂದೇ ಫೋಲ್ಡರಿನಲ್ಲಿ ಇರುವಂತೆಯೇ, ಹೆಸರು ಬದಲಿಸದೆ, ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ನಂಥ ಉಚಿತ ಸಾಧನದಲ್ಲಿ ಡೇಟಾಬೇಸನ್ನು ತೆರೆಯಿರಿ. ಆ ಮಧ್ಯಾಹ್ನದವರೆಗಿನ ತೂಕಗಳು ಕಾಣಿಸಿಕೊಳ್ಳಬೇಕು. ನಿಮ್ಮ ಪ್ರೋಗ್ರಾಂ ಬೇಡ ಎಂದದ್ದಕ್ಕೆ ಕಾರಣವಿದೆ. ತೂಕವನ್ನು ಸೊನ್ನೆ ಮಾಡಿದ ಆ ಸಾಲು ಇನ್ನೂ ಅದರಲ್ಲಿ ಕುಳಿತಿರಬಹುದು. (ಯಾವ ಸಾಲನ್ನು ಬದಲಿಸಬೇಕು ಎಂಬ ‘ವೇರ್’ ಷರತ್ತು ಇಲ್ಲದ ‘ಅಪ್‌ಡೇಟ್’ ಆದೇಶವದು ಎಂದು ನನ್ನ ಪಂಥ. ನಾವೆಲ್ಲರೂ ಒಮ್ಮೆಯಾದರೂ ಬರೆದದ್ದೇ.)

ಹೀಗೇಕಾಯಿತು? ಮಾಮೂಲಿ ವಿಧಾನದಲ್ಲಿ ಎಸ್‌ಕ್ಯೂಲೈಟ್ ಪ್ರತಿ ನಮೂದನ್ನೂ ನೇರವಾಗಿ ಮುಖ್ಯ ಕಡತಕ್ಕೆ ಬರೆಯುತ್ತದೆ. ವಾಲ್ ವಿಧಾನದಲ್ಲಿ ಹಾಗಲ್ಲ. ವಖಾರಿಯ ಗುಮಾಸ್ತರು ದಿನವಿಡೀ ಚೀಟಿಯಲ್ಲಿ ಗೀಚಿಟ್ಟುಕೊಂಡು, ಬಾಗಿಲು ಹಾಕುವ ಹೊತ್ತಿಗೆ ಖಾತೆ ಪುಸ್ತಕಕ್ಕೆ ಏರಿಸುವುದನ್ನು ನೀವು ಕಂಡಿರುತ್ತೀರಿ. ವಾಲ್ ಕಡತ ಆ ಚೀಟಿ. ಮುಖ್ಯ ಕಡತ ಖಾತೆ ಪುಸ್ತಕ. ಚೀಟಿಯಿಂದ ಖಾತೆಗೆ ಏರುವುದು ಸಾಮಾನ್ಯವಾಗಿ ಎರಡೇ ಸಂದರ್ಭದಲ್ಲಿ: ಚೀಟಿ 1000 ಪುಟ ತುಂಬಿದಾಗ, ಇಲ್ಲವೇ ಪ್ರೋಗ್ರಾಂ ಸರಿಯಾಗಿ ಮುಚ್ಚಿದಾಗ. ಒಂದು ಪುಟವೆಂದರೆ ಸಾಮಾನ್ಯವಾಗಿ 4096 ಬೈಟ್, ಅಂದರೆ ಸಾವಿರ ಪುಟಕ್ಕೆ ಸುಮಾರು 4 ಎಂಬಿ. ನಿಮ್ಮಲ್ಲಿ ದಿನಕ್ಕೆ ಇನ್ನೂರು ತೂಕ ಬಿದ್ದು, ಒಂದೊಂದೂ ಎರಡು ಮೂರು ಪುಟ ತಿಂದರೂ ಆರುನೂರು ದಾಟುವುದಿಲ್ಲ. ಬೆಳಿಗ್ಗೆ ತೆರೆದ ಪ್ರೋಗ್ರಾಂ ರಾತ್ರಿಯವರೆಗೆ ಮುಚ್ಚಲಿಲ್ಲ. ಇಡೀ ದಿನದ ಲೆಕ್ಕ ಚೀಟಿಯಲ್ಲೇ ಉಳಿಯಿತು. ನೀವು ಖಾತೆ ಪುಸ್ತಕವನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡಿರಿ. ಮುಖ್ಯ ಕಡತದ ದಿನಾಂಕ ಹಿಂದಿನ ದಿನದ್ದೇ ಆಗಿದ್ದು ಅದಕ್ಕೇ. ಫೈನಲ್-9ರಲ್ಲಿ ಏನೂ ಇಲ್ಲ ಎಂದು ನೀವು ತೀರ್ಮಾನಿಸಿದ ಆ ಹಳೆಯ ದಿನಾಂಕವೇ, ಚೀಟಿಯಲ್ಲಿ ಏನೋ ಇದೆ ಎಂಬುದರ ಗುರುತು.

ಮಧ್ಯಾಹ್ನದ ನಂತರದ ತೂಕಗಳು ಮಾತ್ರ ಹೋದವೇ. ಅವು ಲ್ಯಾಪ್‌ಟಾಪಿನ ಡೇಟಾಬೇಸಿನಲ್ಲಷ್ಟೇ ಇದ್ದವು; ಹೊಸ ಕೋಡ್ ಅವನ್ನು ಸೊನ್ನೆ ಮಾಡಿತು, ಉಳಿದದ್ದರ ಮೇಲೆ ಪೆನ್‌ಡ್ರೈವಿನ ನಕಲು ಬಂದು ಕುಳಿತಿತು. ಇನ್ನು ಮುಂದೆ ಕೆಟ್ಟ ಡೇಟಾಬೇಸಿನ ಮೇಲೆ ಒಳ್ಳೆಯದನ್ನು ಹೊದಿಸುವ ಮುಂಚೆ, ಕೆಟ್ಟದ್ದನ್ನೂ ಅದರ ಮರಿಗಳಾದ ಆ ಇನ್ನೆರಡು ಕಡತಗಳ ಸಮೇತ ಬೇರೆ ಹೆಸರಿನ ಫೋಲ್ಡರಿನಲ್ಲಿ ಎತ್ತಿಡಿ. ಕೆಟ್ಟದ್ದರಿಂದಲೂ ಏನಾದರೂ ಹೆಕ್ಕುವುದಿರುತ್ತದೆ.

ಈಗ ಗೆಳೆಯರ ನಗುವಿಗೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ 1991ರಲ್ಲಿ ಹುಟ್ಟಿತು. 2002ರವರೆಗೆ ಅದರ ಬದಲಾವಣೆಗಳು ಕೈಯಿಂದ ಕೈಗೆ ದಾಟುತ್ತಿದ್ದದ್ದು ತೇಪೆ ಕಡತಗಳಾಗಿ ಮತ್ತು ಗಂಟು ಕಟ್ಟಿದ ಫೋಲ್ಡರುಗಳಾಗಿ, ಅಂದರೆ ಹೆಚ್ಚುಕಡಿಮೆ ನಿಮ್ಮ ಪದ್ಧತಿಯಲ್ಲೇ. ಆಮೇಲೆ ಮೂರು ವರ್ಷ ಬಿಟ್‌ಕೀಪರ್ ಎಂಬ ಖಾಸಗಿ ಸಾಧನ ಬಳಕೆಯಲ್ಲಿತ್ತು. ಅದರ ಉಚಿತ ಬಳಕೆಗೆ ಕತ್ತರಿ ಬಿದ್ದಾಗ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕುಳಿತರು. ಆ ಗಿಟ್‌ನ ಹೊಟ್ಟೆಯೊಳಗೆ ಏನಿದೆ ಎಂದು ನಿಮ್ಮ ಗೆಳೆಯರನ್ನು ಕೇಳಿ. ‘ಬದಲಾವಣೆಗಳ ಪಟ್ಟಿ’ ಎಂದರೆ ಈಗ ನಗುವ ಸರದಿ ನಿಮ್ಮದು. ಪ್ರತಿ ಕಮಿಟ್, ಅಂದರೆ ಗಿಟ್‌ನಲ್ಲಿ ಒಮ್ಮೆ ದಾಖಲಿಸಿದ್ದು, ಆ ಕ್ಷಣದ ಇಡೀ ಫೋಲ್ಡರಿನ ಚಿತ್ರ, ಒಂದು ಸ್ನ್ಯಾಪ್‌ಶಾಟ್. ಬದಲಾಗದ ಕಡತವನ್ನು ಅದು ಮತ್ತೆ ಕೂಡಿಡುವುದಿಲ್ಲ, ಹಳೆಯದರ ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೆ. ಫೋಲ್ಡರನ್ನು ಇಡಿಯಾಗಿ ಎತ್ತಿಡುವ ನಿಮ್ಮ ಬುದ್ಧಿ ಸರಿಯಾಗಿಯೇ ಇದೆ. ಕೆಟ್ಟಿರುವುದು ಎತ್ತಿಡುವ ಶಿಸ್ತು.

ಮೊದಲನೆಯ ದೋಷ, ಕೋಡ್ ಮತ್ತು ಡೇಟಾ ಒಂದೇ ಬುಟ್ಟಿಯಲ್ಲಿರುವುದು. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಶುಕ್ರವಾರ ನಿಮ್ಮ ಹೊಸ ಕೋಡ್ ಕೆಟ್ಟಿತು ಎನ್ನಿ. ಮಂಗಳವಾರದ ಫೋಲ್ಡರಿಗೆ ಹಿಂದಿರುಗುತ್ತೀರಿ. ಕೋಡ್ ಸರಿಹೋಯಿತು; ಆದರೆ ಬುಧವಾರ, ಗುರುವಾರದ ತೂಕಗಳು ಮಾಯ, ಏಕೆಂದರೆ ಡೇಟಾಬೇಸೂ ಮಂಗಳವಾರಕ್ಕೆ ಹೋಗಿ ಕುಳಿತಿತು. ಕೋಡ್ ಹಿಂದಕ್ಕೆ ಹೋಗಬೇಕಾದ ಸಂದರ್ಭ, ಡೇಟಾ ಹಿಂದಕ್ಕೆ ಹೋಗಬೇಕಾದ ಸಂದರ್ಭ, ಇವೆರಡೂ ಕೂಡಿ ಬರುವುದು ಅಪರೂಪ. ಆದ್ದರಿಂದ ಇಂದೇ ಎರಡು ಫೋಲ್ಡರ್ ಮಾಡಿ: ಒಂದರಲ್ಲಿ ಕೋಡ್ ಮಾತ್ರ, ಇನ್ನೊಂದರಲ್ಲಿ ಡೇಟಾಬೇಸ್, ರಸೀದಿಗಳು, ಪಾಸ್‌ವರ್ಡ್ ಇರುವ ಸಂರಚನಾ ಕಡತ. ಡೇಟಾ ಎಲ್ಲಿದೆ ಎಂಬುದನ್ನು ಪ್ರೋಗ್ರಾಂಗೆ ಒಂದೇ ಕಡೆ ಹೇಳಿಡಿ.

ಕೋಡ್ ಹಳೆಯದು, ಡೇಟಾ ಹೊಸದು ಆದಾಗ ಒಂದಕ್ಕೊಂದು ಹೊಂದದೆ ಹೋಗುವ ಅಪಾಯವೂ ಇದೆ. ಈ ನಡುವೆ ನೀವು ಕೋಷ್ಟಕಕ್ಕೆ ಅಡಿಕೆಯ ಬಗೆ ಹೇಳುವ ‘ಚಾಲಿಯೋ ಕೆಂಪೋ’ ಎಂಬ ಕಾಲಂ ಸೇರಿಸಿದ್ದರೆ, ಹಳೆಯ ಕೋಡಿಗೆ ಅದರ ಗಂಧವಿರುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಇದಕ್ಕೆಂದೇ ‘ಯೂಸರ್ ವರ್ಷನ್’ ಎಂಬ ಅಂಕಿಯನ್ನು ಬರೆದಿಡುವ ಜಾಗವಿದೆ. ಕೋಷ್ಟಕದ ರಚನೆ ಬದಲಿಸಿದಾಗಲೆಲ್ಲ ಅದನ್ನು ಒಂದು ಹೆಚ್ಚಿಸಿ. ಪ್ರೋಗ್ರಾಂ ತೆರೆದೊಡನೆ ಆ ಅಂಕಿಯನ್ನು ನೋಡಿ, ತನಗೆ ಪರಿಚಯವಿಲ್ಲದ್ದಾದರೆ ಏನನ್ನೂ ಮುಟ್ಟದೆ ನಿಲ್ಲಲಿ.

ಇನ್ನು ಸ್ನ್ಯಾಪ್‌ಶಾಟ್ ತೆಗೆಯುವ ಕ್ರಮ. ನೀವು ಪೈಥಾನ್ ಬಲ್ಲವರು. ಬೇರೆ ಯಾವ ತಂತ್ರಾಂಶವೂ ಬೇಡ. ಮೂವತ್ತು ನಲವತ್ತು ಸಾಲಿನ ಒಂದು ಸ್ಕ್ರಿಪ್ಟ್ ಸಾಕು. ಅದು ಮೊದಲು ಡೇಟಾಬೇಸಿನ ಒಂದು ಪ್ರತಿಯನ್ನು ತೆಗೆಯಲಿ, ಆದರೆ ಕಡತವನ್ನು ನಕಲು ಮಾಡಿ ಅಲ್ಲ. ಪೈಥಾನಿನ ಎಸ್‌ಕ್ಯೂಲೈಟ್ ಮಾಡ್ಯೂಲಿನಲ್ಲಿ 3.7ನೇ ಆವೃತ್ತಿಯಿಂದ ‘ಬ್ಯಾಕಪ್’ ಎಂಬ ವಿಧಾನವೇ ಇದೆ. ಪ್ರೋಗ್ರಾಂ ತೆರೆದಿರಲಿ, ತೂಕ ಬೀಳುತ್ತಲೇ ಇರಲಿ, ಅದು ಚೀಟಿಯನ್ನೂ ಖಾತೆಯನ್ನೂ ಸೇರಿಸಿ ಒಂದೇ ಅಚ್ಚುಕಟ್ಟಾದ ಕಡತ ಕೊಡುತ್ತದೆ. ನಿಮ್ಮ ಕಾಯಿಲೆಗೆ ಇದೇ ಮದ್ದು. ನಂತರ ಆ ಪ್ರತಿಯನ್ನೂ, ಕೋಡ್ ಫೋಲ್ಡರನ್ನೂ, ರಸೀದಿಗಳನ್ನೂ ಒಂದೇ ಜಿಪ್ ಕಡತವಾಗಿ ಕಟ್ಟಲಿ. ಹಿಂದಿರುಗುವಾಗ ಬೇಕಾದ ಭಾಗವನ್ನಷ್ಟೇ ಹೊರತೆಗೆಯಬಹುದು.

ಹೆಸರಿನ ಸಂಗತಿ. ‘ಫೈನಲ್’ ಎಂಬ ಪದವನ್ನು ನಿಘಂಟಿನಿಂದಲೇ ಹೊಡೆದುಹಾಕಿ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಗಂಟೆ, ನಿಮಿಷ, ಕೊನೆಗೆ ಎರಡು ಪದದ ಗುರುತು: 2025-01-14-1630 ಎಂದು ಬರೆದು ‘ದರ ಬದಲಾವಣೆಗೆ ಮುಂಚೆ’ ಎಂಬರ್ಥದ ಟಿಪ್ಪಣಿ. ಹೀಗಿಟ್ಟರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ದಿನಾಂಕವನ್ನು ನಾವು ಬಾಯಲ್ಲಿ ಹೇಳುವಂತೆ ದಿನದಿಂದ ಶುರುಮಾಡಿದರೆ ನಿಲ್ಲುವುದಿಲ್ಲ. ಟಿಪ್ಪಣಿಯನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಕನ್ನಡಾಭಿಮಾನ ನನಗೂ ಇದೆ. ಆದರೆ ಹಳೆಯ ಕೆಲವು ಜಿಪ್ ಸಾಧನಗಳು ಕನ್ನಡದ ಹೆಸರುಗಳನ್ನು ಕಲಸಿಬಿಡುತ್ತವೆ, ಅದು ಗೊತ್ತಾಗುವುದು ಬಿಚ್ಚುವಾಗ. ಇನ್ನೊಂದು, ಲ್ಯಾಪ್‌ಟಾಪ್ ಹಳೆಯದಾದರೆ ಒಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಸತ್ತಿರಬಹುದು. ಕರೆಂಟು ಹೋಗಿ ಬಂದು, ಇಂಟರ್ನೆಟ್ಟೂ ಇಲ್ಲದಿದ್ದರೆ ಅದು ಯಾವುದೋ ಕಾಲದ ದಿನಾಂಕ ಹಿಡಿದು ಕೂರುತ್ತದೆ. ಹೊಸ ಹೆಸರು ಹಿಂದಿನ ಹೆಸರಿಗಿಂತ ಹಳೆಯ ದಿನಾಂಕದ್ದಾದರೆ ಸ್ಕ್ರಿಪ್ಟ್ ನಿಂತು ನಿಮ್ಮನ್ನು ಕೇಳಲಿ.

ಕರೆಂಟಿನ ಮಾತು ಬಂತು. ಜಿಪ್ ಕಟ್ಟುವ ನಡುವೆಯೇ ಯಂತ್ರ ಆರಿಹೋದರೆ ಅರ್ಧ ಕಡತ ಉಳಿಯುತ್ತದೆ, ಹೆಸರು ಮಾತ್ರ ಪೂರ್ತಿಯಾಗಿ ಕಾಣುತ್ತದೆ. ಆರು ತಿಂಗಳ ನಂತರ ಅದನ್ನೇ ನಂಬಿ ಕೈಹಾಕುತ್ತೀರಿ. ಇದಕ್ಕೆ ಹಳೆಯ ಉಪಾಯವೊಂದಿದೆ: ಕಟ್ಟುವಾಗ ತಾತ್ಕಾಲಿಕ ಹೆಸರು, ಕಟ್ಟಿ ಮುಗಿದು ಪರೀಕ್ಷೆಯಾದ ಮೇಲೆ ನಿಜವಾದ ಹೆಸರು. ಪೈಥಾನಿನ ಜಿಪ್ ಮಾಡ್ಯೂಲಿನಲ್ಲಿ ‘ಟೆಸ್ಟ್‌ಜಿಪ್’ ಎಂಬುದು ಒಳಗಿನ ಪ್ರತಿ ಕಡತವನ್ನೂ ಓದಿ ತಾಳೆ ನೋಡುತ್ತದೆ. ಅದು ಒಪ್ಪಿದ ಮೇಲೆ ನಾಮಕರಣ. ತಾತ್ಕಾಲಿಕ ಹೆಸರಿನಲ್ಲೇ ಬಿದ್ದಿರುವುದನ್ನು ಕಂಡರೆ ಅದು ಅರೆಬರೆಯದೆಂದು ನೋಡಿದೊಡನೆ ತಿಳಿಯುತ್ತದೆ.

ಯಾವಾಗ ತೆಗೆಯಬೇಕು? ಅಡಿಕೆಗೆ ಕೊಳೆ ರೋಗ ಕಂಡ ಮೇಲೆ ಬೋರ್ಡೋ ದ್ರಾವಣ ಹೊಡೆಯುವುದಿಲ್ಲವಲ್ಲ, ಮಳೆ ಹಿಡಿಯುವ ಮುಂಚೆ ಹೊಡೆಯುತ್ತೇವೆ. ಕೋಡಿನದ್ದೂ ಅದೇ ಲೆಕ್ಕ: ಕೈ ಹಾಕುವ ಮುಂಚೆ. ಡೇಟಾದ್ದು ತಿರುಗುಮುರುಗು: ತೂಕ ಮುಗಿದ ಮೇಲೆ. ಎರಡಕ್ಕೂ ಒಂದೇ ಸ್ಕ್ರಿಪ್ಟ್ ಸಾಕು, ಹೊತ್ತು ಮಾತ್ರ ಬೇರೆ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಹಾಯಕರಿಗೆ ಕೋಡ್ ತಿದ್ದಲು ಹೇಳುವ ರೂಢಿ ಬಂದಿದೆ. ನೀವೂ ಹೇಳುವವರಾದರೆ, ಪ್ರತಿ ಸಲ ಕೆಲಸ ಒಪ್ಪಿಸುವ ಮುಂಚೆ ಒಂದು ಸ್ನ್ಯಾಪ್‌ಶಾಟ್ ಕಡ್ಡಾಯ. ಒಂದು ಕಡತ ತಿದ್ದು ಎಂದರೆ ಹನ್ನೊಂದನ್ನು ತಿದ್ದಿ, ಎರಡನ್ನು ಅಳಿಸಿ, ‘ಮುಗಿಯಿತು’ ಎಂದು ವಿನಯದಿಂದ ಹೇಳುವ ಸಹಾಯಕರನ್ನು ನಾನು ಕಂಡಿದ್ದೇನೆ. ಡೆಸ್ಕ್‌ಟಾಪಿನ ಮೇಲೆ ಒಂದು ಐಕಾನ್, ಎರಡು ಕ್ಲಿಕ್, ಟಿಪ್ಪಣಿ ಕೇಳುವ ಒಂದು ಪೆಟ್ಟಿಗೆ: ಇದಕ್ಕಿಂತ ಹೆಚ್ಚು ಶ್ರಮ ಬೇಡಿದರೆ ನೀವು ಮಾಡುವುದಿಲ್ಲ. ನಾನೂ ಮಾಡುವುದಿಲ್ಲ.

ಜಾಗ ಸಾಲದು ಎಂಬ ಚಿಂತೆ ಬೇಡ. ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಏಳೆಂಟು ನೂರು ಎಂಬಿ ಇದ್ದರೆ ಅದರಲ್ಲಿ ಸಿಂಹಪಾಲು ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟ್‌ನದು, ಅಂದರೆ ಇಳಿಸಿಕೊಂಡ ಲೈಬ್ರರಿಗಳದು. ಅದನ್ನು ಕಟ್ಟಬೇಡಿ; ಲೈಬ್ರರಿಗಳ ಹೆಸರು ಮತ್ತು ಆವೃತ್ತಿಯ ಪಟ್ಟಿಯೊಂದಿದ್ದರೆ ಮತ್ತೆ ಕಟ್ಟಿಕೊಳ್ಳಬಹುದು. ಹೌದು, ಮತ್ತೆ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಆಷಾಢದಲ್ಲಿ ಅದು ಸಿಕ್ಕೀತೆಂಬ ಭರವಸೆಯಿಲ್ಲ. ಅದಕ್ಕೆ ಆ ಲೈಬ್ರರಿಗಳ ಅನುಸ್ಥಾಪನಾ ಕಡತಗಳನ್ನು ಒಮ್ಮೆ ಮಾತ್ರ ಇಳಿಸಿ ಪೆನ್‌ಡ್ರೈವಿನಲ್ಲಿ ಬೇರೆ ಇಡಿ. ಅದು ಬಿಟ್ಟರೆ ಉಳಿಯುವ ಜಿಪ್ 40 ಎಂಬಿ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ನಾಲ್ಕರಂತೆ ಮುನ್ನೂರು ದಿನಕ್ಕೆ 48 ಜಿಬಿ. ಬೇಡದ್ದನ್ನು ತೆಗೆದರೆ ಇನ್ನೂ ಕಡಿಮೆ: ಕಳೆದ ವಾರದ್ದೆಲ್ಲ ಇರಲಿ, ಅದು 28; ಅದಕ್ಕೂ ಹಿಂದಿನ ಒಂದು ತಿಂಗಳಿಗೆ ದಿನಕ್ಕೊಂದು, 30; ಅದರ ಹಿಂದೆ ತಿಂಗಳಿಗೊಂದು, 12. ಒಟ್ಟು 70 ಜಿಪ್, 2.8 ಜಿಬಿ. ಈ ಕಳೆ ಕೀಳುವ ಕೆಲಸವನ್ನು ಕೈಯಿಂದಲೇ ಮಾಡಿ, ಸ್ಕ್ರಿಪ್ಟಿಗೆ ವಹಿಸಬೇಡಿ. ಬ್ಯಾಕಪ್ ಸ್ಕ್ರಿಪ್ಟಿನ ಕೈಗೆ ಅಳಿಸುವ ಅಧಿಕಾರ ಕೊಡಬಾರದು ಎಂಬುದು ನನ್ನ ಹಟ.

ಆ ಹಟಕ್ಕೆ ಕಾರಣ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ರೋಬೋಕಾಪಿ ಎಂಬ ಸಾಧನವಿದೆ, ಗಟ್ಟಿ ಕೆಲಸಗಾರ. ಅದಕ್ಕೆ ‘ಮಿರ್’ ಎಂಬ ಆಯ್ಕೆ ಕೊಟ್ಟರೆ ಎರಡನೆಯ ಫೋಲ್ಡರನ್ನು ಮೊದಲನೆಯದರ ತದ್ರೂಪು ಮಾಡುತ್ತದೆ. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಇದ್ದರೆ ಅಳಿಸುತ್ತದೆ. ಕಾರವಾರದಲ್ಲಿ ಕೆಲಸದಲ್ಲಿದ್ದಾಗ ಒಂದು ರಾತ್ರಿ ಹೊಸ ಡಿಸ್ಕ್ ತಂದು, ಎರಡು ಹೆಸರುಗಳನ್ನು ಅದಲುಬದಲು ಬರೆದೆ. ಖಾಲಿ ಡಿಸ್ಕ್ ಮೊದಲನೆಯದಾಯಿತು, ಎಂಟು ತಿಂಗಳ ಕೆಲಸ ಎರಡನೆಯದು. ಆದೇಶವನ್ನು ಅದು ಅಕ್ಷರಶಃ ಪಾಲಿಸಿತು: ನನ್ನ ಕೆಲಸವನ್ನು ಖಾಲಿ ಡಿಸ್ಕಿನ ತದ್ರೂಪು ಮಾಡಿತು. ಎರಡು ಸೆಕೆಂಡು ಹಿಡಿಯಿತೋ ಇಲ್ಲವೋ. ಮೂರು ವಾರದ ಹಿಂದೆ ಸಹೋದ್ಯೋಗಿಗೆ ತೋರಿಸಲೆಂದು ಮಿಂಚಂಚೆಯಲ್ಲಿ ಕಳುಹಿಸಿದ್ದ ಒಂದು ಜಿಪ್ ಸಿಕ್ಕಿತು, ಅಷ್ಟೇ ನನ್ನ ಪುಣ್ಯ. ಅಂದಿನಿಂದ ಪ್ರತಿ ಸಲವೂ ಹೊಸ ಹೆಸರಿನ ಹೊಸ ಕಡತ. ಹಳೆಯದನ್ನು ಯಾವುದೂ ಮುಟ್ಟುವುದಿಲ್ಲ. (ಲಿನಕ್ಸ್ ಬಳಸುವ ಓದುಗರಿಗೆ: ಆರ್‌ಸಿಂಕ್‌ನ ‘ಲಿಂಕ್-ಡೆಸ್ಟ್’ ಆಯ್ಕೆ ಜಿಪ್‌ಗಿಂತ ಸೊಗಸು. ಬದಲಾಗದ ಕಡತಗಳು ಹೊಸ ಜಾಗ ತಿನ್ನುವುದಿಲ್ಲ. ಆದರೆ ಎಕ್ಸ್‌ಫ್ಯಾಟ್ ಮಾದರಿಯ ಪೆನ್‌ಡ್ರೈವಿನಲ್ಲಿ ಅದು ನಡೆಯದು, ಅಲ್ಲಿ ಹಾರ್ಡ್ ಲಿಂಕ್ ಇಲ್ಲ.)

ಎಲ್ಲಿಡಬೇಕು? ಲ್ಯಾಪ್‌ಟಾಪಿನಲ್ಲೇ ಇರುವ ಜಿಪ್ ನಿಮ್ಮ ತಪ್ಪಿನಿಂದ ಕಾಪಾಡುತ್ತದೆ. ಸಿಡಿಲಿನಿಂದ, ಕಳ್ಳನಿಂದ, ಡಿಸ್ಕಿನ ಸಾವಿನಿಂದ ಕಾಪಾಡುವುದಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಕರಾವಳಿಯವರಿಗೆ ಕೊನೆಯ ಅಂಕಿಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಮೇಜಿನ ಮೇಲಿನ ಕಂಪ್ಯೂಟರ್, ಅದೇ ಮೇಜಿನ ಖಾನೆಯಲ್ಲಿದ್ದ ಬ್ಯಾಕಪ್ ಡಿಸ್ಕ್, ಎರಡಕ್ಕೂ ಅದು ಒಂದೇ ನೀರು. ನಿಮಗೆ ಘಟ್ಟದ ಮೇಲೆ ನೆರೆಯ ಭಯ ಕಡಿಮೆ, ಸಿಡಿಲಿನದ್ದು ಹೆಚ್ಚು. ಎರಡು ಪೆನ್‌ಡ್ರೈವ್ ಕೊಳ್ಳಿ. ಒಂದು ಮನೆಯಲ್ಲಿ, ಸ್ನ್ಯಾಪ್‌ಶಾಟ್ ತೆಗೆಯುವಾಗ ಮಾತ್ರ ಚುಚ್ಚಿ, ಆಮೇಲೆ ಕಿತ್ತಿಡುವುದು. ಇನ್ನೊಂದು ಕುಮಟಾದಲ್ಲೋ ಕಾರವಾರದಲ್ಲೋ ನೆಂಟರ ಮನೆಯಲ್ಲಿ. ದೇವಿಮನೆ ಘಾಟಿ ಇಳಿಯುವ ಕೆಲಸ ಬಿದ್ದಾಗಲೆಲ್ಲ ಅದಲುಬದಲು ಮಾಡಿ. ಮನೆಯಲ್ಲಿರುವುದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಡಿಸ್ಕ್ ಇಟ್ಟವರೊಬ್ಬರನ್ನು ನಾನು ಬಲ್ಲೆ. ವಾಟೆಹುಳಿಗೆ ಒಳ್ಳೆಯ ಜಾಗ, ಡಿಸ್ಕಿಗೆ ಅಲ್ಲ.

ನೆಂಟರ ಮನೆಗೆ ಹೋಗುವ ಪ್ರತಿಯಲ್ಲಿ ಹದಿನೆಂಟು ಮನೆಗಳವರ ಮತ್ತು ಸುಲಿಯುವವರ ಹಣದ ವಿವರವಿದೆ ಎಂಬುದು ನೆನಪಿರಲಿ. ಸೆವೆನ್-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿ ಇಡಿ. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಮರೆತ ಪಾಸ್‌ವರ್ಡಿನ ಬ್ಯಾಕಪ್ ಇದ್ದೂ ಇಲ್ಲದಂತೆ.

ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಿಗೆ ಮುಗಿದ ಜಿಪ್ ಕಡತಗಳನ್ನು ಇಂಟರ್ನೆಟ್ ಇದ್ದಾಗ ಏರಿಸಿ, ತಕರಾರಿಲ್ಲ. ಆದರೆ ಕೆಲಸ ಮಾಡುವ ಫೋಲ್ಡರನ್ನೇ, ಅದರಲ್ಲೂ ತೆರೆದ ಡೇಟಾಬೇಸನ್ನು, ಸಿಂಕ್ ಆಗುವ ಫೋಲ್ಡರಿನಲ್ಲಿ ಇಡಬೇಡಿ. ಸಿಂಕ್ ನಿಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ಮುಟ್ಟಿಸುತ್ತದೆ.

ಹಿಂದಕ್ಕೆ ತಂದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2017ರ ಜನವರಿ 31ರಂದು, ಗಿಟ್ ಬಳಸುವವರ ಕೋಡ್ ಇಟ್ಟುಕೊಳ್ಳುವ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಆದದ್ದನ್ನು ಅವರೇ ವಿವರವಾಗಿ, ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದಾರೆ. ತಡರಾತ್ರಿ ಕೆಲಸ ಮಾಡುತ್ತಿದ್ದ ಎಂಜಿನಿಯರೊಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಇನ್ನೊಂದರಲ್ಲಿ ಅಳಿಸಿದರು. ತಡೆಯುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವು ಇದ್ದವು. ದಿನವೂ ನಡೆಯಬೇಕಿದ್ದ ಬ್ಯಾಕಪ್, ಡೇಟಾಬೇಸಿನ ಆವೃತ್ತಿ 9.6 ಆಗಿದ್ದರೂ 9.2ರ ಸಾಧನ ಓಡಿಸಿ ಸೋಲುತ್ತಿತ್ತು; ಸೋತೆ ಎಂದು ಅದು ಕಳುಹಿಸುತ್ತಿದ್ದ ಮಿಂಚಂಚೆಗಳನ್ನು ಅಂಚೆ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಕೊನೆಗೆ ಕಾಪಾಡಿದ್ದು ಯಾವುದು ಗೊತ್ತೆ? ಬೇರೆ ಏನೋ ಪ್ರಯೋಗಕ್ಕೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಆರು ಗಂಟೆಯ ಡೇಟಾ ಹೋಯಿತು, ಉಳಿದದ್ದು ಬಂತು.

ನೀವು ತಿಂಗಳಿಗೊಮ್ಮೆ ಒಂದು ಜಿಪ್ಪನ್ನು ಕಣ್ಣು ಮುಚ್ಚಿ ಆರಿಸಿ, ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಪ್ರೋಗ್ರಾಂ ಓಡಿಸಿ. ಓಡಿದರೆ ಸಾಲದು. ಆ ದಿನದ ಕೊನೆಯ ತೂಕ ಎಷ್ಟಿತ್ತು ಎಂದು ಕಾಗದದ ಚೀಟಿಯೊಂದಿಗೆ ತಾಳೆ ನೋಡಿ. ಸುಗ್ಗಿಗೆ ಮುಂಚೆ ಒಂದು ಸಲ ಹೀಗೆ ಮಾಡಿದ್ದರೆ ವಾಲ್ ಕಡತದ ಕಥೆ ನಿಮಗೆ ಆಗಲೇ ಗೊತ್ತಾಗುತ್ತಿತ್ತು. ಹೇಗೆ ಬಿಚ್ಚಿದಿರಿ ಎಂಬುದನ್ನು ಏಳೆಂಟು ಸಾಲಿನಲ್ಲಿ ಬರೆದು ಪ್ರತಿ ಜಿಪ್ಪಿನೊಳಗೂ ಇರುವಂತೆ ಮಾಡಿ. ನೀವು ಊರಲ್ಲಿಲ್ಲದಾಗ ಮನೆಯವರು ಯಾರಾದರೂ ಬಿಚ್ಚಬೇಕಾದೀತು.

ಗಿಟ್? ಕಲಿಯಿರಿ, ಆದರೆ ಮಳೆಗಾಲದ ಬಿಡುವಿನಲ್ಲಿ, ಅವಸರವಿಲ್ಲದೆ. ಯಾವ ಸಾಲನ್ನು ಯಾವಾಗ ಏಕೆ ಬದಲಿಸಿದೆ ಎಂದು ಕೇಳಿದರೆ ಹೇಳುವುದು ಅದು, ಜಿಪ್ ಹೇಳುವುದಿಲ್ಲ. ಅದನ್ನು ಬ್ಯಾಕಪ್ ಎಂದು ಮಾತ್ರ ತಿಳಿಯಬೇಡಿ. ಗಿಟ್‌ನ ಇತಿಹಾಸವೆಲ್ಲ ಅದೇ ಫೋಲ್ಡರಿನೊಳಗಿನ ಅಡಗಿದ ಉಪಫೋಲ್ಡರಿನಲ್ಲಿರುತ್ತದೆ, ಬೇರೆ ಕಡೆಗೆ ಕಳುಹಿಸದಿದ್ದರೆ ಫೋಲ್ಡರಿನ ಜೊತೆಗೇ ಹೋಗುತ್ತದೆ. ಡೇಟಾಬೇಸ್, ಪಾಸ್‌ವರ್ಡ್ ಕಡತಗಳನ್ನು ಗಿಟ್‌ಗೆ ಕೊಡಬಾರದು ಎಂಬುದು ಸರಿಯಾದ ನಿಯಮ; ಹಾಗೆ ಕೊಡದೆ ಬಿಟ್ಟದ್ದನ್ನು ಕಾಯುವುದು ಜಿಪ್ಪೇ. ನಿಮ್ಮ ಗೆಳೆಯರು ತಮ್ಮ ಪಾಸ್‌ವರ್ಡ್ ಕಡತಗಳನ್ನು ಎಲ್ಲಿಟ್ಟಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಹಳೆಯ ಫೈನಲ್‌ಗಳಲ್ಲಿ ಒಂಬತ್ತನೆಯದನ್ನು ಬಿಟ್ಟು ಉಳಿದವುಗಳ ವರ್ಚುವಲ್ ಎನ್ವಿರಾನ್‌ಮೆಂಟ್ ಫೋಲ್ಡರನ್ನು ತೆಗೆದು, ಒಂದೊಂದನ್ನೂ ಅದರೊಳಗಿನ ಅತ್ಯಂತ ಹೊಸ ಕಡತದ ದಿನಾಂಕದ ಹೆಸರಿನಲ್ಲಿ ಜಿಪ್ ಮಾಡಿ ಎರಡೂ ಪೆನ್‌ಡ್ರೈವಿಗೆ ಹಾಕಿ. ಲ್ಯಾಪ್‌ಟಾಪಿನಿಂದ ಅಳಿಸುವುದು ಮುಂದಿನ ಸುಗ್ಗಿ ಮುಗಿದ ಮೇಲೆ. ಫೈನಲ್-9ರಿಂದ ತೂಕ ಸಿಕ್ಕರೆ, ಸುಲಿದವರು ಬಾಯಲ್ಲಿ ಹೇಳಿದ್ದರ ಜೊತೆ ಒಂದೊಂದಾಗಿ ಹೋಲಿಸಿ ನೋಡಿ. ಇಬ್ಬರು ಮೂವರದು ಅರ್ಧ ಕಿಲೋ ಹೆಚ್ಚು ಕಡಿಮೆ ಇದ್ದೀತು, ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ನಾನು ನಿರೀಕ್ಷಿಸುವುದಿಲ್ಲ; ಅಡಿಕೆ ಸುಲಿದವರು ತಮ್ಮ ತೂಕ ಮರೆಯುವುದಿಲ್ಲ. ಯಾರಿಗಾದರೂ ಕಡಿಮೆ ಸಂದಿದ್ದರೆ ಮುಂದಿನ ಸಲ ಸೇರಿಸಿ ಕೊಡಿ, ಹೆಚ್ಚು ಸಂದಿದ್ದರೆ ಕೇಳಲು ಹೋಗಬೇಡಿ.